ಸಿಂಫನಿ ಮುಗಿಯಿತು, ಕೇಕ್ ಬೇಯಲಿಲ್ಲ

ಸಿಂಫನಿ ಆರಿಸುವುದರಲ್ಲಿ ನನ್ನನ್ನು ಮೀರಿಸುವವರಿದ್ದರೆ ಎದುರಿಗೆ ಬರಲಿ! ಓದಿದ್ದು ಮೂರನೇ ಕ್ಲಾಸು, ನಿಜ. ಆದರೆ ಕಿವಿ ಪಳಗಿದ ಕಿವಿ. ನಮ್ಮ ಯಜಮಾನರು ಗಡಿಯಾರ ರಿಪೇರಿ ಮಾಡುತ್ತಿದ್ದರು. ನಮ್ಮ ಮನೆಯ ಗಡಿಯಾರ ಮಾತ್ರ ಮದುವೆಯಾದ ವರ್ಷ ನಿಂತದ್ದು ಇಂದಿಗೂ ನಿಂತೇ ಇದೆ. ಕೇಳಿದರೆ, "ಗಿರಾಕಿಗಳದ್ದು ಮುಗೀಲಿ ಕಣೇ" ಅನ್ನುತ್ತಿದ್ದರು. ಹಾಗಾಗಿ ನನಗೆ ಹೊತ್ತು ಗೊತ್ತಾಗುತ್ತಿದ್ದದ್ದು ಅವರ ಗ್ರಾಮಫೋನ್ ಪ್ಲೇಟಿನಿಂದ. ಭಾನುವಾರ ಅವರು ಪ್ಲೇಟ್ ಹಾಕುತ್ತಿದ್ದಂತೆ ನಾನು ಕೇಕನ್ನು ಓವನ್ನಿಗೆ ತಳ್ಳುತ್ತಿದ್ದೆ. ಕೊನೆಯ ನಗಾರಿ ಬಡಿದು ನಿಂತೊಡನೆ ತೆಗೆಯುತ್ತಿದ್ದೆ. ಒಂದು ಸಲವೂ ಕೆಟ್ಟದ್ದಿಲ್ಲ. ಅದು ರೊಮ್ಯಾಂಟಿಕ್ ಕಾಲದ ಸಿಂಫನಿಯಂತೆ, ಹತ್ತಾರು ವಾದ್ಯ ಒಟ್ಟಿಗೆ ನುಡಿಸುವ ಪಾಶ್ಚಾತ್ಯ ಸಂಗೀತ. ಹೊಸದರಲ್ಲಿ ಆ ಮಾತು ಕೇಳಿ ನಾಚಿ ಒಳಗೆ ಓಡಿದ್ದೆ. ಆಮೇಲೆ ನೋಡಿದರೆ ಅರ್ಧಕ್ಕರ್ಧ ಗುಡುಗು!

ಅವರು ಹೋದ ಮೇಲೆ ಪ್ಲೇಟು ಸೊಟ್ಟಗಾಯಿತು, ನನ್ನ ಓವನ್ ತಣ್ಣಗಾಯಿತು. ಹೀಗಿರುವಾಗ ಸೊಸೆಯ ತಾಯಿ, ನಮ್ಮ ಬೀಗಿತ್ತಿ, ಮಗಳಿಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು.

"ಪಾಪ, ನಿಮ್ಮತ್ತೆ ಕೈಲಿ ಇನ್ನೆಲ್ಲಾಗುತ್ತೆ? ಭಾನುವಾರ ನಾನೇ ಕೇಕ್ ತರ್ತೀನಿ."

ಪಾಪವಂತೆ! "ಬರಿಗೈಲಿ ಬರೋಕೆ ಹೇಳಮ್ಮ" ಅಂದೆ ಸೊಸೆಗೆ.

ಮಗನ ಹತ್ತಿರ ಸಿ.ಡಿ. ಪ್ಲೇಯರ್ ಇತ್ತು. ಅವನನ್ನು ಎಳೆದುಕೊಂಡು ಸಿ.ಡಿ. ಅಂಗಡಿಗೆ ಹೊರಟೆ.

"ಅಮ್ಮ, ಫೋನಲ್ಲೇ ಟೈಮ್ ನೋಡ್ಬಹುದಲ್ಲ?"

"ಫೋನ್ ನೋಡ್ಕೊಂಡು ಬೇಯಿಸಿದ ಕೇಕ್ ನಿಮ್ಮತ್ತೆ ತರ್ತಾರೆ ಬಿಡು."

ಅಂಗಡಿಯವನು ಹೊಳೆಯುವ ದುಬಾರಿ ಪೆಟ್ಟಿಗೆಯೊಂದನ್ನು ಮುಂದಿಟ್ಟ. "ಅಗ್ಗದ್ದು ತೆಗಿಯಪ್ಪ, ನಾನೇನು ಪೆಟ್ಟಿಗೆ ಬೇಯಿಸ್ತೀನಾ?" ಅಂದೆ. ಅದೇ ಸಿಂಫನಿಯ ಅಗ್ಗದ ಸಿ.ಡಿ.ಗಳನ್ನು ಒಂದೊಂದಾಗಿ ಹಾಕಿದ. ಮೊದಲನೆಯದು ಬಸ್ಸು ತಪ್ಪೀತೆಂಬಂತೆ ಓಡಿತು. "ಇದ್ರಲ್ಲಿ ಹಿಟ್ಟು ಹಿಟ್ಟಾಗೇ ಉಳಿಯುತ್ತೆ." ಎರಡನೆಯದು ಹೆಣದ ಹಿಂದೆ ನಡೆದಂತೆ ನಡೆಯಿತು. "ಇದ್ರಲ್ಲಿ ಸೀದು ಇದ್ದಿಲಾಗುತ್ತೆ."

"ಅಮ್ಮ, ನೀವು ಸಂಗೀತದ ಟೀಚರಾ?" ಅಂದ ಅಂಗಡಿಯವನು.

"ಅದಕ್ಕಿಂತ ಮೇಲೆ."

ಮೂರನೆಯದರಲ್ಲಿ, ಮೆತ್ತಗೆ ನುಡಿಸುವ ಜಾಗದಲ್ಲಿ ಯಾರೋ ಕೆಮ್ಮಿದರು. ನಮ್ಮ ಮನೆಯ ಪ್ಲೇಟಿನಲ್ಲಿದ್ದ ಕೆಮ್ಮೇ! ಹಳೆಯ ಪ್ಲೇಟನ್ನೇ ಸಿ.ಡಿ. ಮಾಡಿದ್ದಾರೆಂದು ಅಂಗಡಿಯವನೂ ಒಪ್ಪಿದ. ಮಹಾರಾಣಿಯ ಹಾಗೆ ಮನೆಗೆ ಬಂದೆ.

ಭಾನುವಾರ ಬೀಗಿತ್ತಿ ಬಂದು ಕೂತರು. ಸಿ.ಡಿ. ಶುರುವಾಯಿತು, ಕೇಕ್ ಒಳಗೆ ಹೋಯಿತು. ಕೊನೆಯ ನಗಾರಿ ಬಡಿಯಿತು, ಕೇಕ್ ಹೊರಗೆ ಬಂತು. ಮೇಲೆ ಚಿನ್ನದ ಬಣ್ಣ. ಎಲ್ಲರ ಮುಂದೆ ಚಾಕು ಇಳಿಸಿದೆ. ನಡುವಿನಿಂದ ಹಸಿ ಹಿಟ್ಟು ಹೊರಟು, ತಟ್ಟೆ ದಾಟಿ, ಬೀಗಿತ್ತಿಯ ಮಡಿಲು ಸೇರಿತು.

"ಸಂಗೀತ ಮಾತ್ರ ಚೆನ್ನಾಗಿ ಬೆಂದಿದೆ, ಬೀಗರೇ" ಅಂದರು ಅವರು, ಒರೆಸಿಕೊಳ್ಳುತ್ತಾ.

"ಅಗ್ಗದ್ದು ಅಂತ ಒಂದಿಷ್ಟು ಕತ್ತರಿಸಿದಾರೆ, ಕಳ್ಳರು!" ಅಂದೆ.

ಮಗ ನಗು ತಡೆಯಲಾರದೆ ಹೇಳಿದ. "ಯಾರೂ ಕತ್ತರಿಸಿಲ್ಲಮ್ಮ. ಪ್ಲೇಟಿಗೆ ಎರಡು ಮಗ್ಗುಲು ಇತ್ತಲ್ವಾ? ಅರ್ಧ ಆದ್ಮೇಲೆ ಅಪ್ಪ ಎದ್ದು ತಿರುಗಿಸಿ ಹಾಕ್ತಿದ್ರು. ಅದಕ್ಕೆ ಮುಂಚೆ ಕನ್ನಡಕ ಹುಡುಕ್ಬೇಕು, ಪ್ಲೇಟ್ ಒರೆಸ್ಬೇಕು, ಮುಳ್ಳಿನ ಧೂಳು ಊದ್ಬೇಕು. ಅಡುಗೆಮನೆಗೆ ಬಂದು, ಕೇಕ್ ಆಯ್ತೇನೇ ಅಂತ ಕೇಳಿ ನಿನ್ನ ಹತ್ರ ಬೈಸ್ಕೋಬೇಕು. ಸಿ.ಡಿ.ಗೆ ಅದೆಲ್ಲ ಎಲ್ಲಿದೆ?"

ಒಂದೊಂದು ಪಿಟೀಲನ್ನೂ, ಯಾರದೋ ಕೆಮ್ಮನ್ನೂ ಗುರುತಿಟ್ಟ ಈ ಕಿವಿ ಆ ಮನುಷ್ಯನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮುಂದಿನ ಭಾನುವಾರ ಬೀಗಿತ್ತಿಯನ್ನು ಮತ್ತೆ ಕರೆಸಿದೆ. ಅರ್ಧದಲ್ಲಿ ಸಿ.ಡಿ. ನಿಲ್ಲಿಸಿದೆ. ಯಜಮಾನರ ಕನ್ನಡಕ ಹುಡುಕಿದೆ, ಸಿ.ಡಿ. ಒರೆಸಿದೆ, ಬೈಯಲು ಅವರಿಲ್ಲದ್ದರಿಂದ ಮಗನನ್ನು ಬೈದೆ. ಆಮೇಲೆ ಉಳಿದರ್ಧ. ಕೇಕ್ ಹತ್ತಿಯಂತೆ ಉಬ್ಬಿತು! ಬೀಗಿತ್ತಿ ಮತ್ತೊಂದು ತುಂಡಿಗೆ ತಟ್ಟೆ ಚಾಚಿದರು.

"ಎಷ್ಟು ಹೊತ್ತು ಬೇಯಿಸಿದ್ರಿ?"

"ಒಂದು ಸಿಂಫನಿ, ನಡುವೆ ಒಬ್ಬ ಗಂಡ" ಅಂದೆ, ಗತ್ತಿನಿಂದ.

ಬೀಗಿತ್ತಿ ಗೋಡೆಯ ಮೇಲೆ ನಿಂತುಹೋದ ಗಡಿಯಾರವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಗಡಿಯಾರದವರ ಮನೆ ಅಂತ ತಾನೇ ನಾವು ಹೆಣ್ಣು ಕೊಟ್ಟಿದ್ದು."