ಅತ್ತೆ ನೆಟ್ಟ ಸ್ಟ್ರಾಬೆರಿ

ಆ ಬೆಳಿಗ್ಗೆ ದರ್ಜಿ ಮಾಡಿದ್ದು ಒಳ್ಳೆಯ ಕೆಲಸವೇ, ಪಾಪ. ತಾರಸಿಯ ಮೇಲಿದ್ದ ನಾಲ್ಕು ವರ್ಷದ ಸ್ಟ್ರಾಬೆರಿ ಗಿಡಗಳನ್ನು ಕಿತ್ತು ಬೀದಿಯ ಕಸದ ತೊಟ್ಟಿಗೆ ಹಾಕಿ ಬಂದಿದ್ದ. ಹಣ್ಣು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಅಂಗಿಯ ಗುಂಡಿಯಷ್ಟಾಗಿ, ಕಚ್ಚಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಗಿತ್ತು.

"ಮುದಿ ಗಿಡದಲ್ಲಿ ಸಿಹಿ ಎಲ್ಲಿಂದ ಬರತ್ತೆ? ಬಳ್ಳೀಲಿ ಬಿಟ್ಟಿರೋ ಮರಿಗಳನ್ನ ಬೇರೆ ಕುಂಡದಲ್ಲಿ ಬೇರು ಬಿಡಿಸಿ, ತಾಯಿಗಿಡ ತೆಗೆದುಬಿಡಿ" ಎಂದು ಪಕ್ಕದ ಮನೆಯ ಗಡಿಯಾರ ರಿಪೇರಿಯವರು ತಿಂಗಳುಗಟ್ಟಲೆ ತಲೆ ತಿಂದಿದ್ದರು. ಈಗ ಹನ್ನೆರಡು ಕುಂಡಗಳಲ್ಲಿ ಹನ್ನೆರಡು ಮರಿಗಳು ಚಿಗುರಿದ್ದವು. ಗುರುತಿಗೆಂದು ದರ್ಜಿ ಒಂದೊಂದು ಕುಂಡಕ್ಕೂ ಕೆಂಪು ಬಟ್ಟೆಯ ಚೂರು ಕಟ್ಟಿದ್ದ.

ಕೆಳಗಿನಿಂದ ಹೆಂಡತಿ ಕೂಗಿದಳು. "ರೀ, ಸಾಯಂಕಾಲ ಅಮ್ಮ ಬರ್ತಿದಾರೆ. ಮೊದಲು ಅವರ ಗಿಡ ನೋಡ್ಬೇಕಂತೆ."

ಮದುವೆಯಾದ ವರ್ಷ ಅತ್ತೆಯೇ ಕೈಯಾರೆ ನೆಟ್ಟು, "ಮಗಳಷ್ಟೇ ಜೋಪಾನವಾಗಿ ನೋಡ್ಕೊಳ್ಳಿ" ಎಂದಿದ್ದ ಗಿಡಗಳವು. ಕಿತ್ತು ಬಿಸಾಡಿದೆ ಎಂದು ಯಾವ ಬಾಯಿಂದ ಹೇಳುವುದು?

ಓಡಿಹೋಗಿ ನೋಡಿದರೆ ತೊಟ್ಟಿ ಖಾಲಿ. ಗೊಬ್ಬರಕ್ಕಾಗುತ್ತದೆಂದು ಗಡಿಯಾರದವರು ಎತ್ತಿಕೊಂಡು ಹೋಗಿದ್ದರು.

"ಒಂದು ಉಪಕಾರ ಮಾಡಿ, ಆ ಗಿಡ ವಾಪಸ್ ಕೊಡಿ."

"ಕೊಡೋಣ ಬಿಡಿ." ಅವರು ಕನ್ನಡಕ ಒರೆಸಿಕೊಂಡರು. "ಬದಲಿಗೆ ಆ ಮರಿಗಳನ್ನ ನನಗೆ ಕೊಡಿ."

"ಎರಡು ತಗೊಳ್ಳಿ."

"ಹನ್ನೆರಡೂ."

ಹನ್ನೆರಡೂ ಎರಡು ತಾರಸಿಗಳ ನಡುವಿನ ಗೋಡೆ ದಾಟಿದವು. ದರ್ಜಿ ಮುದಿ ಗಿಡಗಳನ್ನು ಮತ್ತೆ ನೆಟ್ಟ. ಅವು ಹಿಂಡಿದ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಒಂದೊಂದನ್ನೂ ಕಡ್ಡಿಗೆ ನೂಲಿನಲ್ಲಿ ಕಟ್ಟಿ ನಿಲ್ಲಿಸುವಷ್ಟರಲ್ಲಿ ಸಂಜೆಯಾಯಿತು.

ಅತ್ತೆ ಬಂದವರೇ ಸೀದಾ ತಾರಸಿ ಹತ್ತಿದರು. ಗಿಡಗಳನ್ನು ನೋಡಿದರು, ಅಳಿಯನನ್ನು ನೋಡಿದರು.

"ಅಳಿಯಂದ್ರೇ, ಇನ್ನೂ ಇವನ್ನೇ ಇಟ್ಕೊಂಡಿದೀರಾ? ಮೂರು ವರ್ಷಕ್ಕೆ ಕಿತ್ತು ಮರಿ ನೆಡ್ಬೇಕು. ಇದನ್ನೂ ನಾನೇ ಬಂದು ಹೇಳ್ಬೇಕಾ?" ಎನ್ನುತ್ತಲೇ ಅಷ್ಟನ್ನೂ ಕಿತ್ತು ಮೂಲೆಗೆಸೆದರು.

ದರ್ಜಿಗೆ ಹೋದ ಜೀವ ಬಂದಂತಾಯಿತು. ಅತ್ತೆಗೆ ಸಿಟ್ಟಿಲ್ಲ, ಅಷ್ಟು ಸಾಕು. ಕೊಟ್ಟ ಮರಿಗಳು ನೆನಪಾಗುವಷ್ಟರಲ್ಲಿ ಅತ್ತೆ ಗೋಡೆಯ ಹತ್ತಿರ ಗಡಿಯಾರದವರ ಜೊತೆ ಮಾತಾಡಿ, ಎರಡು ಕುಂಡ ಹಿಡಿದು ಬಂದರು.

"ಎಂಥ ದೊಡ್ಡ ಮನಸ್ಸು ನೋಡಿ ಅವರದು. ಕೇಳಿದ ಕೂಡಲೇ ಕೊಟ್ರು. ಗಿಡ ಸಾಕೋದನ್ನ ಅವರ ಹತ್ರ ಕಲೀರಿ."

ಕುಂಡಗಳ ಮೇಲೆ ಕೆಂಪು ಬಟ್ಟೆಯ ಚೂರು ಹಾಗೇ ಇತ್ತು. ದರ್ಜಿ ಎರಡೂ ಕೈ ಚಾಚಿ ಇಸಿದುಕೊಂಡ.

"ಆಗ್ಲಿ ಅತ್ತೆ, ಕಲೀತೀನಿ."

"ನಾಳೆ ಬೆಳಿಗ್ಗೆನೇ ಬಂದುಬಿಡಿ" ಎಂದರು ಗೋಡೆಯಾಚೆಯಿಂದ ಗಡಿಯಾರದವರು. "ಇನ್ನೂ ಹತ್ತು ಕುಂಡಕ್ಕೆ ನೀರು ಹಾಕೋದಿದೆ."