ತಾಯಮ್ಮನನ್ನು ನಾನು ಕೊಂದ ಬಗೆ

ಕಥೆಯಲ್ಲಿ ತೂತಿದ್ದರೆ ಪಾತ್ರಗಳು ಎಷ್ಟೇ ಗಟ್ಟಿಯಾಗಿದ್ದರೂ ಅದು ಮುಳುಗಲೇಬೇಕು. ಈ ವಾದ ಮಂಡಿಸಿ ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎರಡು ಸಲ ಗೆದ್ದಿದ್ದೇನೆ. ಹೀಗಿರುವಾಗ ಕೋಲಾರದ ಆಸ್ಪತ್ರೆಯೊಂದರ ಡಯಾಲಿಸಿಸ್ ಕೋಣೆಯಲ್ಲಿ, ಸೂಜಿ ಚುಚ್ಚಿಸಿಕೊಂಡು ಅಲ್ಲಾಡದೆ ಮಲಗಿದ ನಾಲ್ಕು ಜನರೆದುರು ಇದನ್ನು ಗೆಲ್ಲುವುದು ಯಾವ ಮಹಾ ಕೆಲಸ!

ನಾಲ್ವರಲ್ಲಿ ಒಬ್ಬರು ನನ್ನ ಚಿಕ್ಕಪ್ಪ. ನಂಗಲಿಯಲ್ಲಿ ಲಾರಿ ಓಡಿಸುತ್ತಿದ್ದವರು, ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗುತ್ತಾರೆ. ಜೊತೆಗೆ ಕೂರುವ ಕೆಲಸ ನನ್ನದು. ಗೋಡೆಯ ಟಿವಿ ಕೆಟ್ಟಿತ್ತು. ಗೆಳತಿ ಕೊಟ್ಟ ಮಾಂಗಾ ಓದುತ್ತಾ, ತಪ್ಪು ಕಂಡಲ್ಲೆಲ್ಲ ಪೆನ್ಸಿಲ್ ಗುರುತು ಹಾಕುತ್ತಾ ಕೂತಿದ್ದೆ. ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಕೊನೆಯ ಪುಟದಿಂದ ಹಿಂದಕ್ಕೆ ಓದಬೇಕು. ಎದುರು ಹಾಸಿಗೆಯ ಮುನಿಯಮ್ಮ, ಇಷ್ಟು ಓದಿದ ಹುಡುಗಿಗೆ ಪುಸ್ತಕ ಹಿಡಿಯುವುದೇ ಗೊತ್ತಿಲ್ಲ ಎಂದು ನನಗೆ ಕೇಳುವಂತೆ ಹೇಳಿದಳು. ಹಾಗಾದರೆ ಜೋರಾಗಿ ಓದು, ನಾವೂ ನೋಡೋಣ ಎಂದರು ಚಿಕ್ಕಪ್ಪ. ನಾನು ಕನ್ನಡ ಮಾಡಿಕೊಂಡು ಹೇಳತೊಡಗಿದೆ.

ಕಥೆ ಹೀಗೆ. ಕಪ್ಪು ಸಮುದ್ರದಲ್ಲಿ ದಾರಿ ತಪ್ಪಿದ ಹಡಗು. ಆ ನೀರು ಕುಡಿದವರು ಬೆಳಗಾಗುವುದರೊಳಗೆ ಕಲ್ಲಾಗುತ್ತಾರೆ. ನಾಯಕನ ಕತ್ತಿ ಒಂದು ಅಧ್ಯಾಯದಲ್ಲಿ ಮುರಿದು, ಮುಂದಿನದರಲ್ಲಿ ತಾನೇ ಸರಿಯಾಗಿರುತ್ತದೆ. ಆ ತೂತಿನಲ್ಲಿ ಚಿಕ್ಕಪ್ಪನ ಲಾರಿ ಲೋಡ್ ಸಮೇತ ಹಾದುಹೋಗಬಹುದಿತ್ತು. ಕೋಣೆಗೆ ಅದರ ಚಿಂತೆಯೇ ಇಲ್ಲ! ಜಗಳ ಬಂದರೆ ಪೀಪಾಯಿಯೊಳಗೆ ಅವಿತುಕೊಳ್ಳುವ ದಪ್ಪ ಸಿಪಾಯಿಯನ್ನು ಚಿಕ್ಕಪ್ಪ ತಮ್ಮವನನ್ನಾಗಿ ಮಾಡಿಕೊಂಡರು. ಎಲ್ಲರನ್ನೂ ಬೈದು ಗಂಜಿ ಬಡಿಸುವ ಮುದುಕಿ ತಾಮೆ ಎರಡೇ ದಿನದಲ್ಲಿ ‘ತಾಯಮ್ಮ’ ಆದಳು. ಅವಳು ಮುನಿಯಮ್ಮನ ಪಾಲು.

ಮೂರನೇ ವಾರ ನಾಲ್ವರಲ್ಲೊಬ್ಬರಾದ, ಕಿಟಕಿ ಪಕ್ಕದ ಮೇಷ್ಟ್ರ ಹಾಸಿಗೆ ಖಾಲಿಯಿತ್ತು. ಹೊದಿಕೆ ಬದಲಾಗಿತ್ತು. ಆ ಕೋಣೆಯಲ್ಲಿ ಖಾಲಿ ಹಾಸಿಗೆಯ ಬಗ್ಗೆ ಯಾರೂ ಕೇಳುವುದಿಲ್ಲ. ಎಲ್ಲರೂ ಟಿವಿ ನೋಡುತ್ತಾರೆ. ಟಿವಿ ಕೆಟ್ಟಿದೆ.

ಮುನಿಯಮ್ಮ ಶ್ರೀನಿವಾಸಪುರದ ಕಡೆಯವಳು. ಸುತ್ತ ಮಾವಿನ ತೋಪು, ಈ ಕಾಯಿಲೆಗೆ ಹಣ್ಣು ಮುಟ್ಟುವಂತಿಲ್ಲ. ನೀರೂ ದಿನಕ್ಕೆ ಅಳತೆಯ ಲೋಟಗಳಷ್ಟೇ. ಅವಳು ಕದ್ದು ಕುಡಿಯುತ್ತಿದ್ದಳು, ತೂಕದ ಯಂತ್ರ ಅವಳನ್ನು ಹಿಡಿದುಕೊಡುತ್ತಿತ್ತು, ಸಿಸ್ಟರ್ ಬೈಯುತ್ತಿದ್ದರು. ಅಷ್ಟರಲ್ಲಿ ಕಥೆಯಲ್ಲಿ ತಾಯಮ್ಮ ತನ್ನ ಪಾಲಿನ ಒಳ್ಳೆಯ ನೀರನ್ನು ಜ್ವರದ ಹುಡುಗನಿಗೆ ಕೊಟ್ಟು, ತಾನು ಒಂದು ಬಟ್ಟಲು ಕಪ್ಪು ನೀರು ಬಾಯಿಗಿಟ್ಟಳು. ಅಂದಿನ ಓದು ಅಲ್ಲಿಗೆ ನಿಂತಿತು. “ನೋಡ್ತಿರು ಸಿಸ್ಟ್ರಮ್ಮಾ, ಆಯಮ್ಮನಿಗೆ ಏನೂ ಆಗಲ್ಲ” ಎಂದಳು ಮುನಿಯಮ್ಮ.

ಮತ್ತೆ ಓದಲು ಕೂತಾಗ, ಮುಂದಿನ ಪುಟದಲ್ಲಿ ನಿಜಕ್ಕೂ ಏನೂ ಆಗಿರಲಿಲ್ಲ. ಬೆಳಗಾಗಿತ್ತು, ಮುದುಕಿ ಗಂಜಿ ತಿರುವುತ್ತಿದ್ದಳು. ಬರೆದವನು ತನ್ನ ನಿಯಮವನ್ನೇ ಮರೆತಿದ್ದ! ತರ್ಕವನ್ನೂ ಸಾರ್ವಜನಿಕ ಆರೋಗ್ಯವನ್ನೂ ಏಕಕಾಲಕ್ಕೆ ಕಾಪಾಡುವ ಅವಕಾಶ ನನಗೆ ಒದಗಿಬಂತು. ತಾಯಮ್ಮ ಕಲ್ಲಾದಳು, ಅಲೆ ಹೊಡೆದು ಮೂರು ತುಂಡಾದಳು ಎಂದು ಓದಿದೆ. ನಿಯಮ ಎಂದರೆ ನಿಯಮ ಎಂದೂ ಸೇರಿಸಿದೆ. ಯಾರೂ ಮಾತಾಡಲಿಲ್ಲ. ಚರ್ಚೆಯಲ್ಲಿ ಎದುರಾಳಿ ಸುಮ್ಮನಾದರೆ ಗೆದ್ದಂತೆ ಎಂದು ನನಗೆ ಕಲಿಸಿದ್ದರು.

ಮುಂದಿನ ಸಲ ಮುನಿಯಮ್ಮನ ಹಾಸಿಗೆ ಖಾಲಿ. ಎಲ್ಲರೂ ಟಿವಿ ನೋಡಿದರು. ಕೇಳಿದವಳು ನಾನೊಬ್ಬಳೇ. ಫೋನ್ ಎತ್ತುತ್ತಿಲ್ಲ, ಇನ್ನೊಂದು ಸಲ ತಪ್ಪಿಸಿದರೆ ನೀರು ಶ್ವಾಸಕೋಶಕ್ಕೆ ಏರುತ್ತದೆ ಎಂದರು ಸಿಸ್ಟರ್.

“ನೀನೇ ಸಾಯ್ಸಿದ್ದು ಅಮ್ಮಾಯಿ. ನೀನೇ ಹೋಗಿ ಎಬ್ಬಿಸ್ಕೊಂಡ್ ಬಾ” ಎಂದರು ಚಿಕ್ಕಪ್ಪ.

ಮರುದಿನ ಬೆಳಗ್ಗೆ ಅವಳ ಊರಿನ ಬಸ್ಸಿನಲ್ಲಿ ವಾದಕ್ಕೆ ಐದು ಅಂಶಗಳನ್ನು ಸಿದ್ಧಪಡಿಸಿಕೊಂಡೆ. ಮುನಿಯಮ್ಮ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಳು. ಮುಖ ಊದಿತ್ತು, ಕಾಲು ದಿಂಬಿನಂತಾಗಿತ್ತು. ಅವಳ ಸೊಸೆ ನನಗೆ ಒಂದು ಚೊಂಬು ನೀರು ತಂದುಕೊಟ್ಟಳು. ಗಟಗಟ ಕುಡಿದು ಮುಗಿಸಿದ ಮೇಲೆ ನೋಡುತ್ತೇನೆ, ಮುನಿಯಮ್ಮನ ಕಣ್ಣು ನನ್ನ ಗಂಟಲ ಮೇಲೆಯೇ ಇದೆ. ಭೂಮಿ ಬಾಯಿ ಬಿಡಲಿಲ್ಲ.

ಅದು ಬರೀ ಕಥೆ ಎಂದೆ. ಗೊತ್ತು ಎಂದಳು. ಬರದಿದ್ದರೆ ಜೀವಕ್ಕೆ ಅಪಾಯ ಎಂದೆ. ಅದೂ ಗೊತ್ತು ಎಂದಳು. ಉಳಿದ ಮೂರು ಅಂಶಗಳು ಬಸ್ಸಿನಿಂದ ಇಳಿದೇ ಇರಲಿಲ್ಲ.

“ಅಂಥ ಗಟ್ಟಿ ಹೆಂಗಸೇ ಒಂದು ಬಟ್ಲು ನೀರಿಗೆ ಹೋದ್ಲು. ನಾನೆಷ್ಟು ದಿನ ಅಂತ ಸೂಜಿ ಚುಚ್ಚುಸ್ಕೊಳ್ಳಲಿ? ಪೋನೀ ಬಿಡಮ್ಮಾ.”

ನಾನು ಪುಸ್ತಕ ತೆಗೆದು, ಗಂಜಿ ತಿರುವುವ ಮುದುಕಿಯ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದಳು.

“ಇದು ನೀರು ಕುಡಿಯೋಕೆ ಮುಂಚಿಂದಾ?”

“ಆಮೇಲಿಂದು. ಅವಳು ಸಾಯೋದೇ ಇಲ್ಲ. ನಿಯಮದ ಪ್ರಕಾರ ಸಾಯ್ಬೇಕಿತ್ತು ಅಂತ ನಾನೇ ಸಾಯ್ಸಿದೆ.”

“ಬರ್ದೋನೇ ಬಿಟ್ಟಿದ್ನಲ್ಲಮ್ಮಾ. ನಿಂಗೇನಾಗಿತ್ತು?”

ಈಗ ನನಗೆ ಹೊಸ ಭಯ: ಮುದುಕಿ ಬದುಕಿದ್ದಾಳೆಂದರೆ ಇವಳು ಇವತ್ತೇ ಕೊಡ ಎತ್ತಿ ಕುಡಿದಾಳು. ಬರೆದವನು ಮರೆತಿದ್ದಾನೆ, ಕುಡಿದರೆ ಸಾಯುವುದು ನಿಜ ಎಂದು ಬೇಡಿಕೊಂಡೆ.

“ಎಲ್ಲಿ ಮರ್ತವ್ನೆ? ಆಯಮ್ಮ ಬಾಯಿ ಮುಕ್ಕಳ್ಸಿ ಉಗ್ದವ್ಳೆ. ತಾನೂ ಕುಡ್ದಂಗೆ ಆಡ್ದೇ ಇದ್ದಿದ್ರೆ ಆ ಹುಡ್ಗ ಅವಳ ಪಾಲಿನ ನೀರು ಮುಟ್ತಿದ್ನಾ? ದಾಹ ತಡೀದಿದ್ರೆ ನಾನೂ ಮುಕ್ಕಳ್ಸಿ ಉಗಿಯೋದೇ. ಕೆಲವು ಸಲ ಉಗಿಯಲ್ಲ, ಅಷ್ಟೇ.”

ಹಿಂದಿನ ಪುಟ ತಿರುವಿದೆ. ಬಟ್ಟಲ ಚಿತ್ರದ ಕೆಳಗೆ, ಹಡಗಿನ ಅಂಚಿನಲ್ಲಿ ಸಮುದ್ರದತ್ತ ಬಾಗಿದ ಮುದುಕಿಯ ಬೆನ್ನಿತ್ತು. ಪಕ್ಕದಲ್ಲಿ ನನ್ನದೇ ಪೆನ್ಸಿಲ್ ಬರಹ: ‘ಅನಗತ್ಯ ಚಿತ್ರ’. ಕತ್ತಿಯ ತೂತು ಹಾಗೇ ಇದೆ, ದಯವಿಟ್ಟು ಗಮನಿಸಿ. ಆದರೆ ಆ ಹೊತ್ತಿಗೆ ಅದನ್ನು ಎತ್ತುವ ಧೈರ್ಯ ನನಗಾಗಲಿಲ್ಲ.

ಮುನಿಯಮ್ಮ ಸೀರೆ ಬದಲಿಸಿ ನನ್ನೊಡನೆ ಹೊರಟಳು. ಅಂದು ಆಸ್ಪತ್ರೆಯಲ್ಲಿ ಅವಳಿಗೆ ಬೈಗುಳವೂ ನನಗೆ ಮೌನವೂ ಧಾರಾಳವಾಗಿ ಸಿಕ್ಕವು.

ಈಗ ಪ್ರತಿ ಪುಟಕ್ಕೂ ವಿಚಾರಣೆ. ಇದು ಅವನು ಬರೆದದ್ದೋ ನಿನ್ನದೋ, ಚಿತ್ರ ತೋರಿಸು ಎನ್ನುತ್ತಾಳೆ ಮುನಿಯಮ್ಮ. ಸಂದೇಹಪಡುವುದರಲ್ಲಿ ಆ ಕೋಣೆಯಲ್ಲಿ ನನಗೆ ಎರಡನೇ ಸ್ಥಾನ. ಕಿಟಕಿ ಪಕ್ಕದ ಹಾಸಿಗೆಗೆ ಮೊನ್ನೆ ಮುಳಬಾಗಿಲಿನ ಹೊಸಬರೊಬ್ಬರು ಬಂದರು. ಕಥೆ ಹೇಗಿದೆ ಎಂದು ವಿಚಾರಿಸಿದರು.

“ಕತೆ ಅಷ್ಟಕ್ಕಷ್ಟೇ, ಜನ ಚೆನ್ನಾಗವ್ರೆ” ಎಂದರು ಚಿಕ್ಕಪ್ಪ. “ಓದೋಳು ನಮ್ಮಣ್ಣನ ಮಗಳು. ಅವಳನ್ನ ಮಾತ್ರ ನಂಬ್ಬೇಡಿ.”

ಮುನಿಯಮ್ಮ ಅದನ್ನು ಅನುಮೋದಿಸಿದಳು. ವಿರೋಧವಾಗಿ ಯಾರೂ ಮಾತಾಡಲಿಲ್ಲ. ನಾನೂ.