ಸ್ಟೀರಿಂಗ್ ಪೆಟ್ಟಿಗೆ, ಸಾಹೇಬ್ರ ಮೂರು ಲಾರಿ

ಈ ಸಲ ಒಂದಕ್ಷರಾನೂ ಸುಳ್ಳಿಲ್ಲ ಕಣೋ, ಸ್ಪ್ಯಾನರ್ ಮುಟ್ಟಿ ಹೇಳ್ತೀನಿ. ಹೋದ ಸಲ ಆನೆ ಜೀಪ್ ತಳ್ಳಿ ಸ್ಟಾರ್ಟ್ ಮಾಡಿಕೊಡ್ತು ಅಂದಿದ್ನಲ್ಲ, ಅದ್ರಲ್ಲಿ ಸ್ವಲ್ಪ ಸೇರಿಸಿದ್ದೆ, ಒಪ್ಕಂತೀನಿ. ಬಾಳ್ಳುಪೇಟೆ ರೋಡಲ್ಲಿ ಗ್ಯಾರೇಜ್ ಇಟ್ಕಂಡೋನಿಗೆ ಇಂಥವು ಹುಡುಕ್ಕಂಡೇ ಬರ್ತಾವೆ. ಟೀ ಕೊಟ್ಬುಟ್ಟು ಕೂತ್ಕೊ ಇಲ್ಲಿ.

೧. ಎಣ್ಣೆ

ನಾಕು ವರ್ಷದ ಹಿಂದೆ ಇರ್ಬೇಕು. ಕಾಫಿ ವ್ಯಾಪಾರದ ಸಾಹೇಬ್ರು ಹೊಸ ಕಾರು ತಂದು ನಿಲ್ಲಿಸಿದ್ರು. ಸ್ಟೀರಿಂಗು ರುಬ್ಬುಗುಂಡು ಥರಾ ಗಟ್ಟಿ, ಎದುರಿಗೆ ಹಳದಿ ಲೈಟು.

"ಶುಕ್ರವಾರದೊಳಗೆ ಆಗ್ಬೇಕು. ಇಲ್ದಿದ್ರೆ ಇದ್ರ ಜೊತೆ ನನ್ ಮೂರು ಲಾರೀನೂ ಹಾಸನದ ಗ್ಯಾರೇಜಿಗೆ ಹೋಗ್ತಾವೆ."

ಆ ಮೂರು ಲಾರೀನೇ ಮಾರಾಯ ನನ್ ಗ್ಯಾರೇಜು. ಅವುಗಳ ಅಡಿಗೆ ಇಳ್ದು ಕೆಲ್ಸ ಮಾಡಕ್ಕೇ ಅಲ್ಲಿ ಗುಂಡಿ ತೋಡ್ಸಿದ್ದು.

ಪವರ್ ಸ್ಟೀರಿಂಗ್ ಅಂದ್ಮೇಲೆ ಎಣ್ಣೆ ಇರ್ಬೇಕಲ್ಲ? ಹುಡುಕಿ ಹುಡುಕಿ ಒಂದು ಮುಚ್ಚಳ ಸಿಕ್ತು, ಅರ್ಧ ಲೀಟರ್ ಕೆಂಪೆಣ್ಣೆ ಹುಯ್ದೆ. ಸಾಹೇಬ್ರು ಮನೆಯೋರ್ನ ಕೂರಿಸ್ಕಂಡು ಟ್ರಯಲ್ ಹೋದ್ರು. ಧೂಳು ತೊಳೆಯಕ್ಕೆ ಬಟನ್ ಒತ್ತಿದ್ರೆ ಗ್ಲಾಸೆಲ್ಲ ಕೆಂಪು! ಅವರ ಮನೆಯೋರು "ಯಾರಿಗ್ರೀ ಗುದ್ದಿದ್ರಿ?" ಅಂತ ಕಿರಿಚ್ಕಂಡು ಇಳ್ದು ಓಡಿದ್ರು.

ಆ ಕಾರಿನ ಸ್ಟೀರಿಂಗಿಗೆ ಎಣ್ಣೇನೇ ಇಲ್ವಂತೆ, ಬರೀ ಕರೆಂಟಂತೆ. ನಾನು ಹುಯ್ದಿದ್ದು ಗ್ಲಾಸ್ ತೊಳೆಯೋ ನೀರಿನ ಡಬ್ಬಿಗೆ. ಸ್ಟೀರಿಂಗ್ ಹಂಗೇ ಗಟ್ಟಿ, ವೈಪರ್ ಮಾತ್ರ ಬೆಣ್ಣೆ ಥರಾ ಓಡ್ತಿತ್ತು.

೨. ಪೆಟ್ಟಿಗೆ

ವೈರ್ ಹಿಡ್ಕಂಡು ಹೋದೆ. ಡ್ಯಾಶ್‌ಬೋರ್ಡ್ ಕೆಳಗೆ ಸ್ಟೀರಿಂಗಿಗೆ ಬುದ್ಧಿ ಹೇಳೋ ಪೆಟ್ಟಿಗೆ, ನೀರು ಕುಡ್ದು ಸತ್ತಿತ್ತು. ಗುಜರೀಲಿ ಅದೇ ಬಣ್ಣದ್ದು, ಅದೇ ಪ್ಲಗ್ಗಿಂದು ಹುಡುಕಿ ತಂದು ಹಾಕ್ದೆ. ಲೈಟ್ ಆರ್ಲಿಲ್ಲ. ತಲೆ ಚಚ್ಕಂಡು ಹಾಸನದಿಂದ ಲ್ಯಾಪ್‌ಟಾಪ್ ಮೆಕ್ಯಾನಿಕ್ಕನ್ನ ಕರೆಸ್ದೆ.

"ಪೆಟ್ಟಿಗೆ ಚೆನ್ನಾಗೈತೆ, ಕಾನ್ಫಿಗರೇಶನ್ ತಪ್ಪು," ಅಂದ. "ಇನ್ನೂ ಹಳೇ ಕಾರಲ್ಲೇ ಇದೀನಿ ಅಂದ್ಕಂಡೈತೆ. ಈ ಕಾರಿನ ವಿವರ ಅದ್ರೊಳಗೆ ಬರೀಬೇಕು."

"ನಮ್ಮನೆಯೋಳೂ ಹಂಗೇ ಕಣಪ್ಪ. ತವರೂರು ಮಗ್ಗೆ ಬಿಟ್ಟು ನಲವತ್ತು ವರ್ಷ ಆಯ್ತು, ಇನ್ನೂ ಅಪ್ಪನ ಮನೇಲೇ ಇದೀನಿ ಅಂದ್ಕಂಡವ್ಳೆ. ಅವಳಿಗೂ ಬರೀತೀಯಾ?"

ಗ್ಯಾರೇಜಿನ ಹಿಂದೇನೇ ಮನೆ. ಚೊಂಬು ಹಾರಿ ಬಂತು. ಅದ್ರ ಕಾನ್ಫಿಗರೇಶನ್ ಮಾತ್ರ ಸರಿಯಾಗಿತ್ತು, ಸೀದಾ ನನ್ ಬೆನ್ನಿಗೇ ಬಿತ್ತು.

೩. ಹತ್ತು ನಿಮಿಷ

ಶುಕ್ರವಾರ ಬಂದೇಬುಡ್ತು.

"ಬರೆಯೋವಾಗ ಹತ್ತು ನಿಮಿಷ ಕರೆಂಟ್ ನಿಲ್ಬಾರ್ದು. ನಿಂತ್ರೆ ಪೆಟ್ಟಿಗೆ ಸತ್ತಂಗೇ," ಅಂದ ಮೆಕ್ಯಾನಿಕ್ಕು.

ನಮ್ಮೂರಲ್ಲಿ ಹತ್ತು ನಿಮಿಷ ಕರೆಂಟು! ಕಾರಿನ ಬ್ಯಾಟ್ರಿ ನಂಬಂಗಿಲ್ಲ. ಸಾಹೇಬ್ರ ಲಾರಿ ಒಂದು ಪಕ್ಕದಲ್ಲೇ ನಿಂತಿತ್ತು, ಅದ್ರ ಬ್ಯಾಟ್ರೀಗೇ ಕೇಬಲ್ ಕಚ್ಚಿಸ್ದೆ. ಲ್ಯಾಪ್‌ಟಾಪಲ್ಲಿ ನೂರಕ್ಕೆ ಐವತ್ತು ಆಯ್ತು, ಎಂಬತ್ತು ಆಯ್ತು. ತೊಂಬತ್ತೆಂಟು!

ಲಾರಿ ಡ್ರೈವರ್ ಟೀ ಕುಡಿಯಕ್ಕೆ ಹೋಗಿದ್ದ. ಗಾಡಿ ಬಿಟ್ಟು ಹೋಗೋವಾಗ ಬ್ಯಾಟ್ರಿ ವೈರ್ ಕಿತ್ತಿಟ್ಟು ಹೋಗೋದು ಅವನ ಮೂವತ್ತು ವರ್ಷದ ಅಭ್ಯಾಸ. ಅವತ್ತೊಂದಿನ ಮರ್ತಿದ್ದ. "ಅಯ್ಯಯ್ಯೋ, ಕಿತ್ತೇ ಇಲ್ವಲ್ಲ!" ಅಂತ ಓಡಿ ಬಂದೋನು ನಮ್ ಕೇಬಲ್ಲೂ ಸೇರಿಸಿ ಕಿತ್ತೇಬುಟ್ಟ.

ಲ್ಯಾಪ್‌ಟಾಪ್‌ನೋನು ನೆಲಕ್ಕೆ ಕುಕ್ಕರಿಸ್ದ. ಪೆಟ್ಟಿಗೆ ಸತ್ತೇ ಹೋಯ್ತು. ಅದೇ ಹೊತ್ತಿಗೆ ಸಾಹೇಬ್ರು ಬಂದ್ರು. ಬಂದೋರು ನೋಡಿ ಬಿದ್ದೂ ಬಿದ್ದೂ ನಕ್ಕು, "ಹೋಗ್ಲಿ ಬಿಡಜ್ಜ, ನಿನ್ನಂಥ ಮೆಕ್ಯಾನಿಕ್ಕು ಎಲ್ಲಿ ಸಿಗ್ತಾನೆ" ಅಂತ ತಬ್ಕಂಡ್ರು ಕಣೋ! ಇವತ್ತಿಗೂ ಆ ಮೂರು ಲಾರಿ ತಪ್ಪದೆ ವಾರ ವಾರ ಇದೇ ಗುಂಡಿ ಮೇಲೇ...

ಟೀ ಅಂಗಡಿಯೋನು ಬಗ್ಗಿ ಗುಂಡಿಯೊಳಗಿನ ಕೋಳಿ ಪುಕ್ಕ ನೋಡ್ದ.

"ಹೌದಾ ಅಜ್ಜಾ? ಹಂಗಾರೆ ನಾಕು ವರ್ಷದಿಂದ ಇಲ್ಲಿ ಮೊಟ್ಟೆ ಇಡ್ತಿರೋದು ಯಾವ ಲಾರಿ?"